ಮುದ್ದು ಮುಖದ ಮೀಪ್: ‘ದಿ ಸ್ಟಾರ್ ಬೀಸ್ಟ್’ ಕಾಮಿಕ್ಸ್ ಓದಿ

ಕಾರವಾರದ ಕೋಡಿಬಾಗದಲ್ಲಿ ಅಂಗಡಿ ಬೋರ್ಡು ಬರೆಯುವುದು ನನ್ನ ಕೆಲಸ. ಹಾಗಾಗಿ ಕಾಮಿಕ್ಸ್ ಕೈಗೆ ಸಿಕ್ಕರೆ ಮೊದಲು ಗೆರೆ ನೋಡುತ್ತೇನೆ, ಕಥೆ ಆಮೇಲೆ. ‘ದಿ ಸ್ಟಾರ್ ಬೀಸ್ಟ್’ನಲ್ಲಿ ಎರಡೂ ಚೆನ್ನಾಗಿವೆ.

‘ಡಾಕ್ಟರ್ ಹೂ’ 1963ರಲ್ಲಿ ಶುರುವಾದ ಬಿಬಿಸಿ ಧಾರಾವಾಹಿ. ಡಾಕ್ಟರ್ ಎಂಬೊಬ್ಬ ನೀಲಿ ಪೊಲೀಸ್ ಪೆಟ್ಟಿಗೆಯಂಥ ವಾಹನದಲ್ಲಿ ಕಾಲ, ಗ್ರಹ ಎಲ್ಲ ಸುತ್ತುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು. ಅದೇ ಹೆಸರಿನ ವಾರಪತ್ರಿಕೆ 1979ರಲ್ಲಿ ಬಂತು, ಮರುವರ್ಷ ಅದರಲ್ಲಿ 8 ಕಂತುಗಳಾಗಿ ಈ ಕಥೆ ಬಂತು. ಬರೆದವರು ಪ್ಯಾಟ್ ಮಿಲ್ಸ್ ಮತ್ತು ಜಾನ್ ವ್ಯಾಗ್ನರ್. ಚಿತ್ರ ಡೇವ್ ಗಿಬ್ಬನ್ಸ್ ಅವರದು. ನಾನು ಓದಿದ್ದು ‘ದಿ ಐರನ್ ಲೀಜನ್’ ಎಂಬ ಸಂಗ್ರಹದಲ್ಲಿ. ಅಣ್ಣನ ಮಗಳು ಬೆಂಗಳೂರಿನಿಂದ ತಂದುಕೊಟ್ಟಳು.

ಇಂಗ್ಲೆಂಡಿನ ಬ್ಲ್ಯಾಕ್‌ಕ್ಯಾಸಲ್ ಎಂಬ ಕಾಲ್ಪನಿಕ ಊರು, ಅಲ್ಲೊಂದು ಉಕ್ಕಿನ ಕಾರ್ಖಾನೆ. ಶಾಲೆಗೆ ಹೋಗುವ ಶರಾನ್ ಮತ್ತು ಫಜ್‌ಗೆ ಆಕಾಶದಿಂದ ಬಿದ್ದ ಮೀಪ್ ಎಂಬ ಅನ್ಯಗ್ರಹದ ಜೀವಿ ಸಿಗುತ್ತದೆ. ದುಂಡು ಮೈ, ತುಂಬಾ ರೋಮ, ದೊಡ್ಡ ಕಣ್ಣು. ಪಾಪ ಅನಿಸಿ ಬಚ್ಚಿಡುತ್ತಾರೆ. ಅದನ್ನು ಹುಡುಕಿಕೊಂಡು ಬರುವ ರಾರ್ಥ್ ಸೈನಿಕರೋ, ಕೀಟದಂಥ ಭಯಂಕರ ಆಕಾರದವರು. ಡಾಕ್ಟರನ ಹೊಟ್ಟೆಯೊಳಗೆ ಬಾಂಬ್ ಇಟ್ಟು ಕಳಿಸುವವರೂ ಅವರೇ!

ಗುಟ್ಟು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ನಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದರೆ, ರಾಕ್ಷಸ ಬಂದ ಅಂತ ಮಡಿಲಲ್ಲಿ ಕೂತ ಮಗುವಿಗೂ ಗೊತ್ತಾಗುತ್ತದೆ. ಇಲ್ಲಿ ಎಲ್ಲ ಉಲ್ಟಾ. ಭಯಂಕರ ಮುಖದವರು ಪೊಲೀಸರು, ಮುದ್ದು ಮೀಪ್ ಕೊಲೆಗಡುಕ. ಮೀಪ್‌ಗಳು ಮೊದಲು ಸಾಧು ಜನ, ಕಪ್ಪು ನಕ್ಷತ್ರವೊಂದರ ವಿಕಿರಣ ತಾಗಿ ಕ್ರೂರರಾದರು. ಮಕ್ಕಳಿಗೆ ಇದು ತಿಳಿಯುವ ಮೊದಲೇ ಓದುವ ನಮಗೆ ತಿಳಿಯುತ್ತದೆ, ಯಾಕೆಂದರೆ ಮೀಪ್ ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ನಾವು ಓದುತ್ತಿರುತ್ತೇವೆ. ಮುಖ ಮಾತ್ರ ಹಾಗೇ ಮುದ್ದಾಗಿದೆ. ಕೋರೆಹಲ್ಲು ಬರೆದು ಹೆದರಿಸುವುದು ಸುಲಭ. ಮುಖ ಹಾಗೇ ಬಿಟ್ಟು ಹೆದರಿಸುವುದು ಕಷ್ಟ.

ಇನ್ನು ಗೆರೆ. ಬಣ್ಣವಿಲ್ಲ, ಬರೀ ಕಪ್ಪು ಮಸಿ. ಮೀಪ್‌ನ ರೋಮಕ್ಕೆ ಸಣ್ಣ ಸಣ್ಣ ಗೆರೆ, ನೆರಳಿಗೆ ದಟ್ಟ ಕಪ್ಪು. ಡಾಕ್ಟರ್ ಆಗ ಟಿವಿಯಲ್ಲಿದ್ದ ನಟ ಟಾಮ್ ಬೇಕರ್ ಅವರದೇ ರೂಪ: ಗುಂಗುರು ಕೂದಲು, ಉದ್ದನೆಯ ಮಫ್ಲರ್. ಆ ಮಫ್ಲರ್ ಹಾರುವ ದಿಕ್ಕು ನೋಡಿದರೆ ಸಾಕು, ಅವನು ಓಡುತ್ತಿದ್ದಾನೋ ತಿರುಗಿದನೋ ಗೊತ್ತಾಗುತ್ತದೆ. ಅಮೆರಿಕದಲ್ಲಿ ಬಣ್ಣ ಹಾಕಿಯೂ ಅಚ್ಚು ಮಾಡಿದ್ದರು. ನನಗೆ ಕಪ್ಪು-ಬಿಳುಪೇ ಸಾಕು. ಕುಂಚ ಹಿಡಿಯುವವರು ಒಂದೊಂದೇ ಪುಟ ನಕಲು ಮಾಡಿ ಕಲಿಯಬಹುದು. ನಾನಂತೂ ಮಾಡುತ್ತಿದ್ದೇನೆ.

ಶರಾನ್ ನನಗೆ ತುಂಬಾ ಹಿಡಿಸಿದಳು. ಕಪ್ಪು ಹುಡುಗಿ, ಧೈರ್ಯವಂತೆ. ಕೊನೆಗೆ ಡಾಕ್ಟರ್ ಜೊತೆ ಹೊರಟೇಬಿಡುತ್ತಾಳೆ. ಟಿವಿಯಲ್ಲಿ ಡಾಕ್ಟರ್‌ಗೆ ಮಾರ್ಥಾ ಎಂಬ ಕಪ್ಪು ಹುಡುಗಿ ಕಾಯಂ ಸಂಗಾತಿಯಾಗಿ ಬಂದದ್ದು 2007ರಲ್ಲಿ. ಕಾಮಿಕ್ಸ್ ಎಷ್ಟು ಮುಂದಿತ್ತು ನೋಡಿ! ಆದರೆ ಅದೇ ಸಂಗ್ರಹದ ‘ದಿ ಟೈಮ್ ವಿಚ್’ನಲ್ಲಿ ಅವಳಿಗೆ ಒಮ್ಮೆಲೇ 4 ವರ್ಷ ವಯಸ್ಸು ಜಾಸ್ತಿ ಮಾಡಿಬಿಟ್ಟಿದ್ದಾರೆ. ಅವಳು ನಿಧಾನಕ್ಕೆ ಬೆಳೆಯುವುದನ್ನು ನೋಡಬೇಕಿತ್ತು. ಫಜ್‌ಗಂತೂ ಅನ್ಯಾಯವೇ ಆಗಿದೆ, ಊರಲ್ಲೇ ಉಳಿದುಬಿಡುತ್ತಾನೆ.

2023ರ ನವೆಂಬರ್‌ನಲ್ಲಿ ಇದೇ ಕಥೆ ಡೇವಿಡ್ ಟೆನೆಂಟ್ ಅಭಿನಯದಲ್ಲಿ ಟಿವಿಗೂ ಬಂತು. ಟಿವಿಯಿಂದ ಹುಟ್ಟಿದ ಕಾಮಿಕ್ಸ್ ಮತ್ತೆ ಟಿವಿಗೆ ಹೋದದ್ದು ಖುಷಿಯ ವಿಷಯ ಅಲ್ವಾ?

ಇಂಗ್ಲಿಷ್ ಕಷ್ಟವಿಲ್ಲ, ಆಡುಮಾತು ಸ್ವಲ್ಪ ಜಾಸ್ತಿ. ಹೈಸ್ಕೂಲ್ ಮಕ್ಕಳು ಓದಿಕೊಳ್ಳುತ್ತಾರೆ. ಪುಸ್ತಕ ಸಿಕ್ಕರೆ ಮೊದಲ ಕಥೆ ಬಿಟ್ಟು ಇದರಿಂದಲೇ ಶುರು ಮಾಡಿ.