21 ಎಂಎಂ: ಲೈಕಾ ಸೂಪರ್-ಎಲ್ಮಾರೋ, ಫೋಗ್ಟ್‌ಲೆಂಡರ್ ಕಲರ್-ಸ್ಕೋಪಾರೋ?

ಎರಡೂ ಲೈಕಾ ಎಂ ಕ್ಯಾಮೆರಾಗಳಿಗೆ ಹಾಕುವ ಅಗಲ ನೋಟದ ಲೆನ್ಸ್‌ಗಳು. ಬೆಳಕಿನ ಲೆಕ್ಕದಲ್ಲಿ ಇವೆರಡರ ಅಂತರ ತೀರಾ ಕಡಿಮೆ. ಲೈಕಾ ಎಫ್/3.4, ಫೋಗ್ಟ್‌ಲೆಂಡರ್ ಎಫ್/4 (ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಅಂದರೆ ಹೆಚ್ಚುಕಡಿಮೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಬೆಲೆಯಲ್ಲಿ ಮಾತ್ರ ಹಲವು ಪಟ್ಟು ವ್ಯತ್ಯಾಸ.

ದುಡ್ಡಿಗೆ ತಕ್ಕದ್ದು ಸಿಗುವುದು ಚಿತ್ರದ ಅಂಚಿನಲ್ಲಿ. ಕಲರ್-ಸ್ಕೋಪಾರ್ ಫಿಲ್ಮ್ ಕಾಲದ ಪುಟ್ಟ ವಿನ್ಯಾಸ. ಹಿಂಬದಿಯ ಗಾಜು ಸೆನ್ಸರ್‌ಗೆ ತೀರಾ ಹತ್ತಿರ ಇರುವುದರಿಂದ ಬೆಳಕು ಮೂಲೆಗಳಿಗೆ ಓರೆಯಾಗಿ ಬೀಳುತ್ತದೆ. ಫಿಲ್ಮ್‌ಗೆ ಅದು ತೊಂದರೆಯಲ್ಲ; ಲೈಕಾ ಎಂ9ರಂಥ ಡಿಜಿಟಲ್ ಕ್ಯಾಮೆರಾದಲ್ಲಿ ಅಂಚು ಕಪ್ಪಾಗುತ್ತದೆ, ನೇರಳೆಗೆಂಪು ಛಾಯೆ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದು, ಆದರೆ ಪ್ರತಿ ಫೋಟೋಗೂ ಆ ಕೆಲಸ ಯಾರಿಗೆ ಬೇಕು? 2011ರ ಸೂಪರ್-ಎಲ್ಮಾರ್ ಡಿಜಿಟಲ್ ಕಾಲದ್ದೇ. ಯಾವ ಲೆನ್ಸ್ ಎಂದು ತಿಳಿಸುವ ಅದರ 6-ಬಿಟ್ ಕೋಡನ್ನು (ಲೆನ್ಸ್ ಹಿಂಬದಿಯ ಗುರುತು) ಕ್ಯಾಮೆರಾ ಓದಿಕೊಂಡು ತಾನೇ ಸರಿಪಡಿಸುತ್ತದೆ.

ಮೊನೊಕ್ರೋಮ್ (ಕಪ್ಪು-ಬಿಳುಪು ಮಾತ್ರ ತೆಗೆಯುವ) ಕ್ಯಾಮೆರಾ ಇದ್ದವರಿಗೆ ಈ ಬಣ್ಣದ ತಕರಾರೇ ಇಲ್ಲ. ಅವರು ಕಣ್ಣುಮುಚ್ಚಿ ಅಗ್ಗದ್ದನ್ನು ಕೊಳ್ಳಲಿ.

ಬೀದಿ ಫೋಟೋಗೂ ಅದೇ ಸಾಕು. ಎಫ್/8ರಲ್ಲಿ 2 ಮೀಟರ್‌ಗೆ ಫೋಕಸ್ ಇಟ್ಟರೆ ಸುಮಾರು 1 ಮೀಟರ್‌ನಿಂದಾಚೆ ಎಲ್ಲವೂ ಸ್ಪಷ್ಟ. ಜೇಬಿಗೂ ಹಗುರ, ಎರಡೂ ಅರ್ಥದಲ್ಲಿ. ಕಟ್ಟಡ, ಭೂದೃಶ್ಯಗಳನ್ನು ಬಣ್ಣದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿಸುವವರು ಲೈಕಾಕ್ಕೇ ದುಡ್ಡು ಕೂಡಿಡಿ, ಸೆಕೆಂಡ್‌ಹ್ಯಾಂಡ್ ಆದರೂ ಸರಿ.

ಯಾವುದನ್ನೇ ಕೊಂಡರೂ ಚಿತ್ರದಲ್ಲಿ ಎಷ್ಟು ಬರುತ್ತದೆಂದು ವ್ಯೂಫೈಂಡರ್‌ನಲ್ಲಿ ತೋರಿಸುವ ಎಂ ಕ್ಯಾಮೆರಾದ ಫ್ರೇಮ್ ಗೆರೆಗಳು 28 ಎಂಎಂಗೇ ಮುಗಿಯುತ್ತವೆ. ಲೈವ್ ವ್ಯೂ (ಪರದೆಯಲ್ಲೇ ದೃಶ್ಯ ನೋಡುವ ಸೌಲಭ್ಯ) ಇಲ್ಲದಿದ್ದರೆ ಹೊರಗಿನ ವ್ಯೂಫೈಂಡರ್‌ಗೂ ಹಣ ಎತ್ತಿಡಬೇಕು.