ಕೆನಡಾ ಸ್ಟಡಿ ಪರ್ಮಿಟ್ ಫೈಲ್ ಏಜೆಂಟ್ ಕೈಯಲ್ಲಿದೆಯಾ? ಒಳಗೆ ಏನೇನು ಹಾಕಿದ್ದಾರೆ ಅಂತ ಇವತ್ತೇ ನೋಡಿ

ನನ್ನ ತಮ್ಮ ಇನ್ನು ಐದು ವರ್ಷ ಕೆನಡಾಕ್ಕೆ ಕಾಲಿಡುವ ಹಾಗಿಲ್ಲ. ಓದೋಕೆ ಮಾತ್ರ ಅಲ್ಲ, ಸುಮ್ನೆ ನೆಂಟರ ಮನೆಗೆ ಹೋಗಿ ಬರೋಕೂ ಇಲ್ಲ. ಅವನ ಅರ್ಜಿಯಲ್ಲಿ ಸುಳ್ಳು ದಾಖಲೆ ಇತ್ತು ಅಂತ ಅಲ್ಲಿನ ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ, ತೀರ್ಮಾನ ಮಾಡಿದೆ. ಆ ದಾಖಲೆಯನ್ನು ನಮ್ಮ ಮನೆಯಲ್ಲಿ ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಸೇರಿಸಿದ್ದು ಬೆಂಗಳೂರಿನ ಕನ್ಸಲ್ಟೆನ್ಸಿಯವರು. ಮುಂದಿನ ಇನ್‌ಟೇಕ್‌ಗೆ ಫೈಲ್ ಕೊಟ್ಟು ಕಾಯುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿವಮೊಗ್ಗ ಕಡೆ, ಅಡಿಕೆ ತೋಟದ ಮನೆ. ತಮ್ಮ ಮೆಕ್ಯಾನಿಕಲ್ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕಿದ್ದ. ಒಂಟಾರಿಯೋದ ಸರ್ಕಾರಿ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಆಫರ್ ಲೆಟರ್ ನಿಜ. ಈ ವಿದ್ಯಾರ್ಥಿಗೆ ತನ್ನ ಕೋಟಾದಲ್ಲಿ ಜಾಗ ಇದೆ ಅಂತ ಪ್ರಾಂತ್ಯ ಕೊಡುವ ಪಿಎಎಲ್ ಪತ್ರವೂ ನಿಜ. ದುಡ್ಡೂ ನಿಜವಾಗಿಯೇ ಇತ್ತು. ಮೊದಲ ವರ್ಷದ ಫೀಸು ಕಟ್ಟಿದ್ದೆವು, ಎಜುಕೇಶನ್ ಲೋನ್ ಸ್ಯಾಂಕ್ಷನ್ ಆಗಿತ್ತು, ಅಪ್ಪನ ಹೆಸರಲ್ಲಿ ಸ್ವಲ್ಪ ಎಫ್‌ಡಿ ಇತ್ತು. ಆಗ ಫೀಸು, ಓಡಾಟದ ಖರ್ಚು ಬಿಟ್ಟು ಒಬ್ಬರ ಜೀವನ ಖರ್ಚಿಗೆ 20,635 ಕೆನಡಿಯನ್ ಡಾಲರ್ ತೋರಿಸಬೇಕಿತ್ತು. (2025ರ ಸೆಪ್ಟೆಂಬರ್ 1ರಿಂದ ಅದು 22,895 ಆಗಿದೆ, ಈಗ ಹಾಕುವವರು ಹಳೆ ಲೆಕ್ಕ ಹಿಡಿದುಕೊಂಡು ಕೂರಬೇಡಿ.) ಅಷ್ಟನ್ನೂ ನಾವು ತೋರಿಸುತ್ತಿದ್ದೆವು. ಇನ್ನೊಂದು ರೂಪಾಯಿಯೂ ಬೇಕಿರಲಿಲ್ಲ.

ಆದರೂ ಆ ಜನ ಅಪ್ಪನ ಹೆಸರಲ್ಲಿ 38 ಲಕ್ಷದ ಒಂದು ಎಫ್‌ಡಿ ಸರ್ಟಿಫಿಕೇಟ್ ತಾವೇ ತಯಾರು ಮಾಡಿ ಒಳಗೆ ಸೇರಿಸಿದ್ದಾರೆ. ಯಾಕೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಅಪ್ಪನ ಐಟಿ ರಿಟರ್ನ್ಸ್‌ನಲ್ಲಿ ದೊಡ್ಡ ಮೊತ್ತ ಕಾಣುವುದಿಲ್ಲ. ಇಂಥ ಫೈಲ್ ಕಂಡರೆ ಇವರಿಗೆ ಅದು ವೀಕ್. ಪಹಣಿ, ಮಂಡಿಯಲ್ಲಿ ಅಡಿಕೆ ಮಾರಿದ ಬಿಲ್ಲು, ಆ ದುಡ್ಡು ಜಮೆಯಾದ ಪಾಸ್‌ಬುಕ್, ಇಷ್ಟನ್ನೂ ಜೋಡಿಸಿ ಒಂದು ಪುಟದ ವಿವರಣೆ ಬರೆಯೋದು ಕೆಲಸ. ಸುಳ್ಳು ಸರ್ಟಿಫಿಕೇಟ್ ಮುದ್ರಿಸೋದು ಹತ್ತು ನಿಮಿಷ. ಕೃಷಿಕರ ಮನೆಯ ಮಕ್ಕಳು ಇದನ್ನು ಚೆನ್ನಾಗಿ ನೆನಪಿಡಿ, ನಿಮ್ಮ ಫೈಲ್‌ಗಳಲ್ಲೇ ಇವರ ಕೈ ಜಾಸ್ತಿ ಆಡುತ್ತದೆ.

ಇದೆಲ್ಲ ನಮಗೆ ಗೊತ್ತಾಗದೆ ಹೇಗೆ ನಡೆಯಿತು ಅಂದರೆ, ಐಆರ್‌ಸಿಸಿ ಅಕೌಂಟ್ ತೆರೆದಿದ್ದು ಅವರೇ. ಅದಕ್ಕೆ ತಮ್ಮನ ಹೆಸರಿನಲ್ಲಿ ಹೊಸದೊಂದು ಜಿಮೇಲ್ ಮಾಡಿಕೊಂಡರು. ಪಾಸ್‌ವರ್ಡ್ ಕೇಳಿದಾಗ "ಎಲ್ಲಾ ಫೈಲೂ ನಮ್ಮ ಸಿಸ್ಟಂನಲ್ಲೇ ಇರುತ್ತೆ ಮೇಡಂ, ಮಧ್ಯೆ ಲಾಗಿನ್ ಆದರೆ ಪ್ರಾಬ್ಲಂ ಆಗುತ್ತೆ" ಅಂದರು. ಹಾಗೆ ಏನೂ ಆಗುವುದಿಲ್ಲ. ಅದು ಅರ್ಜಿದಾರನದೇ ಅಕೌಂಟ್. ಕೊನೆಯಲ್ಲಿ ಬೇಕಾಗುವ ಸಹಿ ಕೂಡ ಹೆಸರು ಟೈಪ್ ಮಾಡೋದು ಅಷ್ಟೇ, ಅದನ್ನೂ ಅವರೇ ಮಾಡಿದ್ದಾರೆ. ಪ್ರತಿನಿಧಿ ಅಂತ ಕನ್ಸಲ್ಟೆನ್ಸಿಯ ಹೆಸರನ್ನು ಎಲ್ಲೂ ನಮೂದಿಸಿಲ್ಲ. ಕಾಗದದ ಮೇಲೆ ನೋಡಿದರೆ ನನ್ನ ತಮ್ಮನೇ ಮನೆಯಲ್ಲಿ ಕೂತು ಅರ್ಜಿ ತುಂಬಿದ ಹಾಗಿದೆ.

ನನಗೆ ತಡೆಯಲಾರದ ಸಿಟ್ಟು ಬರುವುದು ಇದಕ್ಕೆ. ವೀಸಾ ಆಫೀಸರ್ ಬ್ಯಾಂಕಿನಲ್ಲಿ ವಿಚಾರಿಸಿದ್ದಾರೆ, ಅಂಥ ಎಫ್‌ಡಿ ಕೊಟ್ಟೇ ಇಲ್ಲ ಅಂತ ಉತ್ತರ ಬಂದಿದೆ. ಆಮೇಲೂ ಅವರು ನೇರವಾಗಿ ಬಾಗಿಲು ಮುಚ್ಚಲಿಲ್ಲ. ಪ್ರೊಸೀಜರಲ್ ಫೇರ್‌ನೆಸ್ ಲೆಟರ್ ಅಂತ ಒಂದು ಪತ್ರ ಕಳಿಸಿ, ನಿಮ್ಮ ಮೇಲೆ ಈ ಅನುಮಾನ ಇದೆ, ಇಷ್ಟು ದಿನದೊಳಗೆ ವಿವರಣೆ ಕೊಡಿ ಅಂದಿದ್ದಾರೆ. ನಮ್ಮ ಮಾತು ಹೇಳಿಕೊಳ್ಳೋಕೆ ಇದ್ದದ್ದು ಅದೊಂದೇ ದಾರಿ. ಆ ಪತ್ರ ಹೋಗಿದ್ದು ಏಜೆಂಟ್ ಮಾಡಿದ ಜಿಮೇಲ್‌ಗೆ. ಅವರು ನಮಗೆ ಹೇಳಲೇ ಇಲ್ಲ, ಉತ್ತರವನ್ನೂ ಕೊಡಲಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ "ಪ್ರೊಸೆಸಿಂಗ್‌ನಲ್ಲಿದೆ, ಈ ಸಲ ಎಲ್ಲರದೂ ಲೇಟ್" ಅನ್ನುವ ಮಾತು.

ರಿಜೆಕ್ಟ್ ಆದಮೇಲೂ ಪೂರ್ತಿ ಪತ್ರ ಕೊಡಲಿಲ್ಲ, ಅರ್ಧ ಪುಟದ ಸ್ಕ್ರೀನ್‌ಶಾಟ್ ಕಳಿಸಿ "ಮತ್ತೆ ಹಾಕೋಣ" ಅಂದರು. ಮಿಸ್ಸಿಸಾಗಾದಲ್ಲಿರುವ ನಮ್ಮ ಸಂಬಂಧಿಯೊಬ್ಬರು 5 ಡಾಲರ್ ಕಟ್ಟಿ ಫೈಲ್‌ನ ಜಿಸಿಎಂಎಸ್ ನೋಟ್ಸ್, ಅಂದರೆ ಅರ್ಜಿಯ ಬಗ್ಗೆ ಅಧಿಕಾರಿಗಳು ಬರೆದಿಟ್ಟ ಟಿಪ್ಪಣಿ, ತರಿಸಿಕೊಟ್ಟಾಗಲೇ ನಿಜ ಹೊರಬಿದ್ದದ್ದು. ಅಲ್ಲಿನ ವಲಸೆ ಕಾನೂನಿನ ಸೆಕ್ಷನ್ 40ರ ಪ್ರಕಾರ ಇದು ಮಿಸ್‌ರೆಪ್ರೆಸೆಂಟೇಷನ್, ಅಂದರೆ ಸುಳ್ಳು ಮಾಹಿತಿ ಕೊಟ್ಟ ತಪ್ಪು, ಶಿಕ್ಷೆ ಐದು ವರ್ಷದ ನಿಷೇಧ. ಏಜೆಂಟ್ ಹಾಕಿದ್ದು ಅಂದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅರ್ಜಿ ಯಾರ ಹೆಸರಲ್ಲಿದೆಯೋ ಹೊಣೆಯೂ ಅವರದೇ. ಫೆಡರಲ್ ಕೋರ್ಟಿಗೆ ಹೋಗಬಹುದು, ಆದರೆ ಕೆನಡಾದ ಹೊರಗಿರುವವರಿಗೆ ತೀರ್ಮಾನ ತಿಳಿದ 60 ದಿನದೊಳಗೆ ಹಾಕಬೇಕು. ನೋಟ್ಸ್ ಕೈಗೆ ಬರುವ ಹೊತ್ತಿಗೆ ಆ ಗಡುವು ದಾಟಿ ಹೋಗಿತ್ತು. ಫೀಸೂ ಹೋಯಿತು. ಸುಳ್ಳು ದಾಖಲೆಯಿಂದ ವೀಸಾ ನಿರಾಕರಣೆಯಾದರೆ ವಾಪಸ್ ಇಲ್ಲ ಅಂತ ಆ ಕಾಲೇಜಿನ ನಿಯಮ.

"ಬಿಡಿ, ಬೇರೆ ದೇಶ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಕೆನಡಾ ವಲಸೆ ಮಾಹಿತಿ, ಬೆರಳಚ್ಚು ಹಂಚಿಕೊಳ್ಳುತ್ತದೆ. ಹಿಂದೆ ವೀಸಾ ನಿರಾಕರಣೆಯಾಗಿದೆಯಾ ಅಂತ ಫಾರಂನಲ್ಲೇ ಕೇಳುತ್ತಾರೆ, ಅಲ್ಲಿ ಮುಚ್ಚಿಟ್ಟರೆ ಇನ್ನೊಂದು ಕೇಸು.

ಇದು ನಮಗೊಬ್ಬರಿಗೇ ಆದದ್ದೂ ಅಲ್ಲ. 2023ರಲ್ಲಿ ಪಂಜಾಬಿನ ಮಕ್ಕಳ ಕಥೆ ಪೇಪರ್‌ನಲ್ಲಿ ಬಂದಿತ್ತು, ನೆನಪಿರಬಹುದು. ಜಲಂಧರಿನ ಏಜೆಂಟ್ ಕೊಟ್ಟ ಆಫರ್ ಲೆಟರ್‌ಗಳೇ ನಕಲಿ. ಅದು ಬೆಳಕಿಗೆ ಬಂದದ್ದು ಅವರು ಅಲ್ಲಿ ಓದಿ, ಕೆಲಸ ಮಾಡಿ, ಪಿಆರ್‌ಗೆ (ಕಾಯಂ ವಾಸಕ್ಕೆ) ಅರ್ಜಿ ಹಾಕಿದಮೇಲೆ. ಆ ವರ್ಷದ ಡಿಸೆಂಬರ್ 1ರಿಂದ ಪ್ರತಿ ಆಫರ್ ಲೆಟರನ್ನೂ ಐಆರ್‌ಸಿಸಿ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುತ್ತದೆ. ಆಫರ್ ಲೆಟರ್ ಮಟ್ಟಿಗೆ ಅದು ಒಳ್ಳೆಯದಾಯಿತು. ಆದರೆ ಬ್ಯಾಂಕ್ ಪತ್ರ, ಅನುಭವ ಪತ್ರ, ಎಸ್‌ಒಪಿ (ಯಾಕೆ ಓದಲು ಹೋಗುತ್ತೇನೆ ಅಂತ ಬರೆಯುವ ಪತ್ರ) ಇವೆಲ್ಲ ಇನ್ನೂ ಏಜೆಂಟ್ ಕೈಯಲ್ಲೇ ಓಡಾಡುತ್ತಿವೆ ಅಲ್ವಾ?

"ನಮ್ಮ ಸರ್ವಿಸ್ ಫ್ರೀ" ಅನ್ನುವ ಬೋರ್ಡು ನೋಡಿ ಒಳಗೆ ಹೋಗುವವರು ತಿಳಿದುಕೊಳ್ಳಿ, ಅಲ್ಲಿನ ಕಾಲೇಜುಗಳು ನಿಮ್ಮ ಫೀಸಿನಲ್ಲೇ ಇವರಿಗೆ ಕಮಿಷನ್ ಕೊಡುತ್ತವೆ. ಸೀಟು ಮಾರುವುದಷ್ಟೇ ಇವರ ಲಾಭ. ದುಡ್ಡು ತೆಗೆದುಕೊಂಡು ಕೆನಡಾ ವೀಸಾ ಅರ್ಜಿಗೆ ಸಲಹೆ ಕೊಡುವ ಹಕ್ಕು ಇರುವುದು ಕೆನಡಾದ ವಕೀಲರು, ಆರ್‌ಸಿಐಸಿ ಅನ್ನುವ ಲೈಸೆನ್ಸ್ ಇರುವ ಸಲಹೆಗಾರರು, ಹೀಗೆ ಅಲ್ಲಿನ ಕಾನೂನು ಒಪ್ಪಿದವರಿಗೆ ಮಾತ್ರ. ಲೈಸೆನ್ಸ್ ನಂಬರ್ ಕೇಳಿ, ಆ ಲೈಸೆನ್ಸ್ ಕೊಡುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ನಂಬರ್ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಒಂದು ಜೆರಾಕ್ಸ್ ಕೂಡ ಬಿಡಬೇಡಿ.

ಅಕೌಂಟ್ ನಿಮ್ಮ ಮೇಲ್‌ನಲ್ಲಿ, ನಿಮ್ಮ ಫೋನಿನಲ್ಲೇ ತೆರೆಯಿರಿ. ಫೀಸನ್ನು ಕಾಲೇಜಿಗೇ ನೇರವಾಗಿ ಕಟ್ಟಿ. ಸಬ್ಮಿಟ್ ಒತ್ತುವ ಮೊದಲು ಅಪ್‌ಲೋಡ್ ಆದ ಪ್ರತಿಯೊಂದು ಪಿಡಿಎಫ್ ತೆರೆದು, ಕೊನೆಯ ಪುಟದವರೆಗೂ ನೋಡಿ, ಒಂದು ಕಾಪಿ ಇಳಿಸಿಟ್ಟುಕೊಳ್ಳಿ. ಈಗಾಗಲೇ ಹಾಕಿಯಾಗಿದ್ದರೆ ಪಾಸ್‌ವರ್ಡ್ ಕೇಳಿ ಪಡೆಯಿರಿ. ಮತ್ತೆ, ಅಲ್ಲಿಗೆ ಹೋದಮೇಲೂ ಇವರ ಮಾತು ಕೇಳಿ ಸಸ್ತಾ ಕಾಲೇಜಿಗೆ ಹಾರಬೇಡಿ. 2024ರ ನವೆಂಬರ್ 8ರಿಂದ ಕಾಲೇಜು ಬದಲಿಸಬೇಕಾದರೆ ಹೊಸ ಸ್ಟಡಿ ಪರ್ಮಿಟ್ ಬೇಕು. ಕ್ಲಾಸು ನಡೆಯುವಾಗ ಕ್ಯಾಂಪಸ್ ಹೊರಗಿನ ಕೆಲಸ ವಾರಕ್ಕೆ 24 ಗಂಟೆ ಮೀರುವ ಹಾಗಿಲ್ಲ.

ಪೊಲೀಸ್ ದೂರು ಕೊಟ್ಟಿದ್ದೇವೆ. ಕನ್ಸಲ್ಟೆನ್ಸಿಯವರು ಈಗ "ಆ ಎಫ್‌ಡಿ ಪತ್ರ ಅವನೇ ತಂದುಕೊಟ್ಟಿದ್ದು" ಅನ್ನುತ್ತಿದ್ದಾರೆ. ನನ್ನ ತಮ್ಮ ಎಲ್ಲಾ ದಾಖಲೆಗಳನ್ನೂ ತನ್ನ ಮೇಲ್‌ನಿಂದಲೇ, ಪಟ್ಟಿ ಬರೆದು ಕಳಿಸಿದ್ದ. ಆ ಪಟ್ಟಿಯಲ್ಲಿ ಈ ಎಫ್‌ಡಿ ಇಲ್ಲ. ದೂರಿನ ಜೊತೆ ಆ ಮೇಲ್‌ಗಳನ್ನೇ ಲಗತ್ತಿಸಿದ್ದೇವೆ. ನೀವೂ ಏನು ಕೊಟ್ಟರೂ ಮೇಲ್‌ನಲ್ಲೇ ಪಟ್ಟಿ ಸಮೇತ ಕಳಿಸಿ, ಪೆನ್‌ಡ್ರೈವ್‌ನಲ್ಲಿ ಕೊಡಬೇಡಿ.