ಸುಲ್ತಾನ್‌ಪೇಟೆಯಲ್ಲಿ ಹೊಲಿಸಿದ ಸ್ಮರಣ ಸಂಪುಟ

ಬೆಂಗಳೂರಿನಲ್ಲಿ ಪೇಟೆಂಟ್ ಕೆಲಸ, ಎಂದರೆ ಹೊಸ ಆವಿಷ್ಕಾರಗಳ ಹಕ್ಕಿಗಾಗಿ ಕಕ್ಷಿದಾರರ ಪರ ಅರ್ಜಿ ಬರೆದು ವಾದಿಸುವ ಕೆಲಸ, ಮಾಡುವ ನಾವು ಕೆಲವರು ಸೇರಿ, ನಮ್ಮನ್ನು ಅಗಲಿದ ಐವರು ಸಹೋದ್ಯೋಗಿಗಳ ನೆನಪಿಗೆಂದು ಒಂದು ಸಂಪುಟವನ್ನು ಸಿದ್ಧಪಡಿಸಿ, ಐದು ಮನೆಗಳಿಗೆ ಒಂದೊಂದು, ನಮಗೊಂದು ಎಂದು ಆರು ಪ್ರತಿಗಳನ್ನು ಸುಲ್ತಾನ್‌ಪೇಟೆಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕಟ್ಟಿಸಿದೆವು. ಆ ಅಂಗಡಿಯ ಕೆಲಸ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಜಮಾನರು ಒಬ್ಬರೇ ಕುಳಿತು ಕೈಯಿಂದ ಹೊಲಿಯುವವರು. ಈಗಿರುವ ಕೆಲಸವೇ ಮುಗಿಯುತ್ತಿಲ್ಲ, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಅಂಗಡಿಯ ಹೆಸರನ್ನು ಬಿಟ್ಟಿದ್ದೇನೆ. ಆದರೂ ಇಂಥದೊಂದು ಪುಸ್ತಕವನ್ನು ಮಾಡಿಸಬೇಕೆಂದಿರುವವರಿಗೆ ಒಳ್ಳೆಯ ಬೈಂಡರನನ್ನು ಗುರುತಿಸುವುದು ಹೇಗೆಂಬುದು ಇದರಿಂದ ತಿಳಿಯಬಹುದು.

ನುಡಿನಮನದ ಸಭೆ ನಡೆಸಿ, ಫೋಟೊಗೆ ಹಾರ ಹಾಕಿ, ಎರಡು ನಿಮಿಷ ಮೌನವಾಗಿ ನಿಂತು ಬರುವುದಕ್ಕಿಂತ ಹೆಚ್ಚಿನದೇನಾದರೂ ಬೇಕೆಂದು ನಮಗೆ ಅನ್ನಿಸಿದ್ದು ಏಕೆಂಬುದನ್ನು ಮೊದಲು ಹೇಳಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ಪೇಟೆಂಟ್ ಅಟಾರ್ನಿ ಎಂದು ಅಚ್ಚು ಹಾಕಿಸಿಕೊಂಡರೂ 1970ರ ಪೇಟೆಂಟ್ ಕಾಯಿದೆ ನಮ್ಮನ್ನು ಕರೆಯುವುದು ಪೇಟೆಂಟ್ ಏಜೆಂಟ್ ಎಂದೇ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆದು, ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಹೆಸರು ಏಜೆಂಟರ ರಿಜಿಸ್ಟರಿಗೆ ಸೇರುತ್ತದೆ, ‘ಐಎನ್/ಪಿಎ’ ಎಂದು ಶುರುವಾಗುವ ಒಂದು ಸಂಖ್ಯೆ ಸಿಗುತ್ತದೆ. ಏಜೆಂಟ್ ತೀರಿಕೊಂಡರೆ ಆ ಹೆಸರನ್ನು ರಿಜಿಸ್ಟರಿನಿಂದ ತೆಗೆಯಲು ನಿಯಮದಲ್ಲಿ ಅವಕಾಶವಿದೆ. ಶುಲ್ಕ ಕಟ್ಟದೆ ಉಳಿದವರ ಹೆಸರನ್ನು ತೆಗೆಯುವ ಮಾತು ಬರುವುದೂ ಅದೇ ನಿಯಮದಲ್ಲಿ. ನಿಯಮ ಇರಬೇಕಾದದ್ದೇ, ಏಕೆಂದರೆ ಬದುಕಿರುವ ಏಜೆಂಟ್ ಯಾರೆಂಬುದು ಅರ್ಜಿದಾರರಿಗೆ ಗೊತ್ತಾಗಬೇಕು. ಕಕ್ಷಿದಾರರು ಫಾರ್ಮ್ 26ರಲ್ಲಿ ಇನ್ನೊಬ್ಬರಿಗೆ ಅಧಿಕಾರಪತ್ರ ಬರೆದುಕೊಡುತ್ತಾರೆ, ಫೈಲುಗಳು ಕೈ ಬದಲಾಗುತ್ತವೆ, ಪೇಟೆಂಟ್ ಮಂಜೂರಾದಾಗ ಪ್ರಮಾಣಪತ್ರದಲ್ಲಿರುವುದು ಪೇಟೆಂಟ್ ಪಡೆದವರ ಹೆಸರು. ಇಪ್ಪತ್ತು ವರ್ಷ ಬಾಳುವ ಹಕ್ಕಿನ ಒಂದೊಂದು ಪದವನ್ನೂ ತೂಗಿ ಬರೆದವರ ಹೆಸರು, ಅರ್ಜಿಯ ಜೊತೆ ಆವಿಷ್ಕಾರವನ್ನು ವಿವರಿಸಿ ಸಲ್ಲಿಸುವ ವಿವರಣಾಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ ಇರುತ್ತದೆ, ಅಷ್ಟೇ.

ಆದ್ದರಿಂದ ಪ್ರತಿಯೊಬ್ಬರ ಒಂದು ಫೋಟೊ, ಜೊತೆಗೆ ಕೆಲಸ ಮಾಡಿದವರ ಪತ್ರಗಳು, ಅವರು ಬರೆದ ಒಂದು ಇಡೀ ವಿವರಣಾಪತ್ರ, ಅದರ ಚಿತ್ರಗಳು, ಇಷ್ಟನ್ನು ಸಂಪುಟದಲ್ಲಿ ಸೇರಿಸುವುದೆಂದು ನಿರ್ಧರಿಸಿದೆವು. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಪ್ರಕಟವಾಗುತ್ತವೆ. ಹಾಗೆ ಪ್ರಕಟವಾದವುಗಳನ್ನು ಮಾತ್ರ ತೆಗೆದುಕೊಂಡು, ಕಕ್ಷಿದಾರರ ಗುಟ್ಟಿಗೆ ಸಂಬಂಧಿಸಿದ ಒಂದು ಚೀಟಿಯೂ ಒಳಗೆ ಬರದಂತೆ ಮೂರು ಸಲ ಪರಿಶೀಲಿಸಿದೆವು. ಜೀವಮಾನವಿಡೀ ಆ ಗುಟ್ಟನ್ನು ಕಾಪಾಡಿದವರ ನೆನಪಿನಲ್ಲೇ ಅದು ಸೋರಿಹೋಗುವುದು ಸಲ್ಲದ ಮಾತು.

ಐವರಲ್ಲಿ ಹಿರಿಯರು ಪೀಣ್ಯದ ಯಂತ್ರೋಪಕರಣ ಕಾರ್ಖಾನೆಯೊಂದರಿಂದ ಈ ವೃತ್ತಿಗೆ ಬಂದವರು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ, ವಿಡಿಯೊ ಮೂಲಕ ವಿಚಾರಣೆ ನಡೆಯುವ ಕಾಲಕ್ಕೆ ಮೊದಲು, ರಾತ್ರಿ ಮೆಜೆಸ್ಟಿಕ್‌ನಲ್ಲಿ ಚೆನ್ನೈ ಮೇಲ್ ಹತ್ತಿ, ಬೆಳಿಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು, ಗಿಂಡಿಯ ಕಚೇರಿಗೆ ಹೋಗಿ ವಾದಿಸಿ ಬರುತ್ತಿದ್ದರು. 2016ರಿಂದ ಏಜೆಂಟರು ಎಲ್ಲ ದಾಖಲೆಗಳನ್ನೂ ಆನ್‌ಲೈನಿನಲ್ಲೇ ಸಲ್ಲಿಸಬೇಕೆಂದಾದಾಗಲೂ ಅವರು ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದೇ ಟೈಪ್ ಮಾಡಿಸುತ್ತಿದ್ದರು. ಎರಡನೆಯವರು ರಸಾಯನಶಾಸ್ತ್ರ ಓದಿದವರು. ಔಷಧಕ್ಕೆ ತಯಾರಿಕೆಯ ವಿಧಾನದ ಮೇಲೆ ಮಾತ್ರ ಪೇಟೆಂಟ್ ಸಿಗುತ್ತಿದ್ದ ಕಾಲದಲ್ಲಿ ಕೆಲಸ ಕಲಿತು, 2005ರ ಜನವರಿ 1ರಿಂದ ಉತ್ಪನ್ನಕ್ಕೂ ಪೇಟೆಂಟ್ ಸಿಗುವಂತಾದಾಗ ಬೇರೆಯವರಿಗೆಲ್ಲ ಮೇಜಿನ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟ ಅಕ್ಕ ಅವರು. ಎಲ್ಲರಿಗಿಂತ ಚಿಕ್ಕವನು 2021ರ ಎರಡನೇ ಅಲೆಯಲ್ಲಿ ಹೋದ. 2020ರ ಮಾರ್ಚ್ 15ರಿಂದ ಮುಂದಿನ ಅವಧಿಯನ್ನು (ಕೊನೆಗೆ ಅದು 2022ರ ಫೆಬ್ರವರಿ 28ರವರೆಗೂ ಹೋಯಿತು) ಕಾಲಮಿತಿಯ ಲೆಕ್ಕದಿಂದ ಹೊರಗಿಡಲು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಹಾಗಿದ್ದೂ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ತನ್ನ ಕೈಯಲ್ಲಿದ್ದ ಗಡುವುಗಳ ಪಟ್ಟಿಯನ್ನೆಲ್ಲ ನನಗೆ ಕಳುಹಿಸಿದ್ದ. ಆ ಪಟ್ಟಿಯನ್ನು ಸಂಪುಟದಲ್ಲಿ ಸೇರಿಸುವಂತಿರಲಿಲ್ಲ. ಅದು ನನ್ನ ಬಳಿ ಇದೆ.

ಇನ್ನು ಬೈಂಡಿಂಗಿನ ವಿಷಯ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ಲಗ್ನಪತ್ರಿಕೆ, ಕಾಗದ, ಅಚ್ಚಿನ ಅಂಗಡಿಗಳ ನಡುವೆ ವಿಚಾರಿಸುತ್ತ ಹೋದಾಗ, ಮೊದಲೆರಡು ಕಡೆ ಬೆನ್ನಿಗೆ ಬಿಸಿ ಅಂಟು ಹಾಕಿ ಒಂದೇ ದಿನದಲ್ಲಿ ಕೊಡುವುದಾಗಿ ಹೇಳಿದರು. ಅಂಥ ಪುಸ್ತಕವನ್ನು ನಾಲ್ಕು ಸಲ ಅಗಲವಾಗಿ ತೆರೆದರೆ ಹಾಳೆ ಕಳಚುತ್ತದೆ. ಮೂರನೆಯ ಅಂಗಡಿಯ ಈ ಯಜಮಾನರು ಬೆಲೆ ಹೇಳುವ ಮೊದಲು ಹಾಳೆಗಳನ್ನು ಕೈಗೆ ತೆಗೆದುಕೊಂಡು, ಒಂದನ್ನು ಎರಡೂ ಕಡೆಗೆ ಬಾಗಿಸಿ ನಾರಿನ ದಿಕ್ಕು ನೋಡಿ, ಇದನ್ನು ಯಾರು ಓದುತ್ತಾರೆ ಎಂದು ಕೇಳಿದರು. ತೀರಿಕೊಂಡವರ ಮನೆಯವರು ಎಂದೆ. ಹಾಗಾದರೆ ಪುಸ್ತಕ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗಬೇಕು, ವಯಸ್ಸಾದವರಿಗೆ ಹಿಡಿದುಕೊಂಡು ಓದಲು ಆಗುವುದಿಲ್ಲ ಎಂದರು.

ಪತ್ರಗಳನ್ನೂ ಫೋಟೊಗಳನ್ನೂ ಎ3 ಕಾಗದದ ಮೇಲೆ ಅಚ್ಚು ಹಾಕಿಸಿ ತರಲು ಹೇಳಿ, ಮಡಿಸಿ, ನಾಲ್ಕು ನಾಲ್ಕು ಹಾಳೆಯ ಕಟ್ಟು ಮಾಡಿ, ಮಡಿಕೆಯಲ್ಲಿ ನೂಲಿನಿಂದ ಹೊಲಿದರು. ಹಿರಿಯರ ಮನೆಯಿಂದ ಬಂದ ಟೈಪ್ ಮಾಡಿದ ಹಳೆಯ ನಕಲು ಮಾತ್ರ ಬಿಡಿ ಹಾಳೆಗಳಾಗಿದ್ದು, ಅಕ್ಷರ ಹೊಲಿಗೆಯೊಳಗೆ ಹೋಗುತ್ತದೆಯೇನೋ ಎಂದು ನನಗೆ ಆತಂಕವಿತ್ತು. ಅವರು ಸ್ಕೇಲ್ ಇಟ್ಟು ನೋಡಿ, “ಎಡಗಡೆ ಇಷ್ಟು ಜಾಗ ಬಿಟ್ಟಿದ್ದಾರಲ್ಲ ಸಾರ್, ಬರೆದೋರು ಬೈಂಡಿಂಗ್ ತಿಳಿದೋರೇ ಇರಬೇಕು” ಎಂದರು. ಪೇಟೆಂಟ್ ನಿಯಮಗಳು ಎ4 ಹಾಳೆಯ ಮೇಲ್ಭಾಗದಲ್ಲೂ ಎಡಬದಿಯಲ್ಲೂ ಕನಿಷ್ಠ 4 ಸೆಂಟಿಮೀಟರ್, ಕೆಳಗೂ ಬಲಕ್ಕೂ 3 ಸೆಂಟಿಮೀಟರ್ ಖಾಲಿ ಬಿಡಬೇಕೆಂದು ಹೇಳುತ್ತವೆ. ನಾವು ಹೊಸಬರಾಗಿದ್ದಾಗ ಈ ಅಂಚು ಅರ್ಧ ಸೆಂಟಿಮೀಟರ್ ತಪ್ಪಿದರೂ ಆ ಹಿರಿಯರು ಇಡೀ ಪ್ರತಿಯನ್ನು ವಾಪಸ್ ಕೊಡುತ್ತಿದ್ದರು. ಅವರು ಪಟ್ಟು ಹಿಡಿದು ಬಿಡಿಸುತ್ತಿದ್ದ ಆ ಅಂಚಿನಲ್ಲೇ ಬಟ್ಟೆಯ ಪಟ್ಟಿ ಅಂಟಿಸಿ ಹೊಲಿದದ್ದರಿಂದ ಒಂದು ಅಕ್ಷರವೂ ಹಾಳಾಗಲಿಲ್ಲ. ಸಂಪುಟದ ಈ ಭಾಗವನ್ನು ತೆರೆದಾಗಲೆಲ್ಲ ನನ್ನ ಕೈ ಮೊದಲು ಹೋಗುವುದು ಆ ಖಾಲಿ ಜಾಗಕ್ಕೇ.

ಅಂಟು ಮೈದಾದಿಂದ ಅಂಗಡಿಯಲ್ಲೇ ಕುದಿಸಿದ್ದು. ಹುಳು ಬೀಳದಂತೆ ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಹೊರಗಡೆ ಕಡುನೀಲಿ ಕ್ಯಾಲಿಕೊ ಬಟ್ಟೆ. ಹೊಳೆಯುವ ರೆಕ್ಸಿನ್ ಬೇಡವೆಂದು ನಾವು ಹೇಳಿದ್ದಕ್ಕೆ ಅವರಿಗೂ ಸಂತೋಷವಾಯಿತು.

ಕೊರತೆಯನ್ನೂ ಹೇಳಲೇಬೇಕು. ಬೆನ್ನಿನ ಮೇಲೆ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಲು ಬೇಕಾದ ಹಿತ್ತಾಳೆ ಬ್ಲಾಕನ್ನು ಅವರು ಬೇರೆಡೆ ಮಾಡಿಸುತ್ತಾರೆ. ಮೊದಲ ಬ್ಲಾಕಿನಲ್ಲಿ ಎರಡು ಹೆಸರುಗಳ ಒತ್ತಕ್ಷರಗಳು ಮುಖ್ಯ ಅಕ್ಷರದಿಂದ ಕಳಚಿ ಪಕ್ಕಕ್ಕೆ ಬಂದಿದ್ದವು. ಕಂಪ್ಯೂಟರಿನಲ್ಲಿ ಫಾಂಟ್ ಬದಲಾದಾಗ ಕನ್ನಡಕ್ಕೆ ಹೀಗಾಗುವುದು ಹೊಸದೇನಲ್ಲ. ಆದರೆ ಒತ್ತುವ ಮೊದಲು ಒಂದು ಅಚ್ಚನ್ನು ಕಾಗದದ ಮೇಲೆ ತೆಗೆದು ನಮಗೆ ತೋರಿಸಬೇಕಿತ್ತು. ಒಂದು ಪ್ರತಿಯ ಬಟ್ಟೆ ಹಾಳಾಯಿತು. ಸತ್ತವರ ಹೆಸರು ತಪ್ಪಾಗಿ ಅಚ್ಚಾದದ್ದನ್ನು ನೋಡಿ ನನಗೆ ನಿಜವಾಗಿ ದುಃಖವೂ ಕೋಪವೂ ಬಂದವು. ಯಜಮಾನರು ವಾದಿಸದೆ ಆ ರಟ್ಟನ್ನು ಬಿಚ್ಚಿ, ಬ್ಲಾಕನ್ನು ತಮ್ಮ ಖರ್ಚಿನಲ್ಲೇ ಮತ್ತೆ ಮಾಡಿಸಿದರು. ಮೂರು ವಾರದಲ್ಲಿ ಆಗಬೇಕಿದ್ದ ಕೆಲಸಕ್ಕೆ ಐದು ವಾರ ಹಿಡಿಯಿತು. ಅಕ್ಕನ ವರ್ಷಾಬ್ದಿಕದ ದಿನಕ್ಕೆ ಅವರ ಮನೆಗೆ ಪ್ರತಿ ತಲುಪಿಸಲಾಗಲಿಲ್ಲ. ನಿಶ್ಚಿತ ದಿನಕ್ಕೆ ಬೇಕೆನ್ನುವವರು ಎರಡು ತಿಂಗಳು ಮೊದಲೇ ಕೊಡುವುದು ಒಳ್ಳೆಯದು, ಕನ್ನಡ ಅಕ್ಷರಗಳನ್ನು ಅಕ್ಷರರೂಪವಾಗಿ ಕೊಡದೆ ಚಿತ್ರವಾಗಿ ಕೊಡುವುದು ಇನ್ನೂ ಒಳ್ಳೆಯದು. ಪ್ರತಿಯೊಂದಕ್ಕೆ ನಾವು ತೆತ್ತದ್ದು 1,100 ರೂಪಾಯಿ. ಆ ಹೊಲಿಗೆಗೆ ಇದು ಕಡಿಮೆಯೇ ಎಂದು ನನ್ನ ಅಭಿಪ್ರಾಯ.

ಕೆಲಸ ಒಪ್ಪಿಕೊಳ್ಳುವಾಗ ಅವರು ಕೇಳಿದ ಇನ್ನೊಂದು ಪ್ರಶ್ನೆಯಿಂದಾಗಿಯೇ ನಾನು ಈ ಅಂಗಡಿಯನ್ನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ. “ಇದಕ್ಕೆ ಮುಂದೆ ಹಾಳೆ ಸೇರಿಸೋದು ಇರುತ್ತಾ ಸಾರ್?” ಎಂದು ಅವರು ಕೇಳಿದಾಗ ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಸೇರಿಸುವುದಿದ್ದರೆ ಈಗಲೇ ಕೊನೆಯಲ್ಲಿ ಬೆರಳಗಲದ ಖಾಲಿ ಪಟ್ಟಿಗಳನ್ನು ಹೊಲಿದಿಡಬೇಕು, ಇಲ್ಲದಿದ್ದರೆ ಮುಂದೆ ಹಾಳೆ ಅಂಟಿಸಿದಾಗ ಬೆನ್ನು ಬಿರಿಯುತ್ತದೆ ಎಂದು ವಿವರಿಸಿದರು. ನಮ್ಮ ಬಳಿ ಉಳಿಯುವ ಪ್ರತಿಯಲ್ಲಿ ಹನ್ನೆರಡು ಪಟ್ಟಿಗಳನ್ನು ಇರಿಸಿ ಎಂದೆವು. ಆ ಕೋಣೆಯಲ್ಲಿ ಅಂದು ನಾವು ನಾಲ್ವರಿದ್ದೆವು.

ಹದಿನಾಲ್ಕು ತಿಂಗಳ ನಂತರ ಆ ನಾಲ್ವರಲ್ಲಿ ಒಬ್ಬರ ಹಾಳೆಗಳನ್ನು ಹಿಡಿದು ನಾನು ಮತ್ತೆ ಸುಲ್ತಾನ್‌ಪೇಟೆಗೆ ಹೋದೆ. ಯಜಮಾನರು ಫೋಟೊ ನೋಡಿ ಗುರುತು ಹಿಡಿದು, ಬಟ್ಟೆಯ ಬಣ್ಣ ನೀಲಿಯೇ ಇರಲಿ ಎಂದು ಹಟ ಹಿಡಿದವರು ಇವರೇ ಅಲ್ಲವೇ ಎಂದು ಕೇಳಿದರು. ಹೌದೆಂದೆ. ಎಡಗಡೆಯ ಅಂಚನ್ನು ಅಳೆದು ನೋಡಿದರು. 4 ಸೆಂಟಿಮೀಟರ್ ಸರಿಯಾಗಿತ್ತು. ಮೊದಲನೆಯ ಪಟ್ಟಿಗೆ ತೆಳ್ಳಗೆ ಅಂಟು ಸವರಿ, ಹಾಳೆಗಳನ್ನು ಕೂರಿಸಿ, ಸಂಪುಟವನ್ನು ಮುಚ್ಚಿ ಕಬ್ಬಿಣದ ಒತ್ತುಯಂತ್ರದ ಕೆಳಗಿಟ್ಟು ತಿರುಗಿಸಿದರು. ರಾತ್ರಿಯಿಡೀ ಅದರಡಿಯಲ್ಲೇ ಇರಬೇಕು, ನಾಳೆ ಹನ್ನೊಂದಕ್ಕೆ ಬನ್ನಿ ಎಂದರು.